ಅತಿಥಿ ಬೋಧಕರಿಗೆ ಸಭೆಯಲ್ಲಿ ಜಾಗ ಎಲ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ವೈದ್ಯಕೀಯ ಕಾಲೇಜುಗಳಲ್ಲಿ ಅರೆಕಾಲಿಕವಾಗಿ ಪಾಠ ಹೇಳುವವರ ಕೆಲಸ, ಹಕ್ಕು, ಪ್ರಾತಿನಿಧ್ಯದ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಹೆಸರು ಬೇಡವೆಂದು ಬರೆದವರೇ ಹೆಚ್ಚು. ಹಾಗಾಗಿ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರ: ಎಂ.ಡಿ. ಮೆಡಿಸಿನ್ ಮುಗಿಸಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ. ಕಾಲೇಜೊಂದರಿಂದ ವಾರಕ್ಕೆ ಎರಡು ಮಧ್ಯಾಹ್ನ ಪಾಠಕ್ಕೆ ಬನ್ನಿ ಎಂದು ಕರೆ ಬಂದಿದೆ. ‘ಅಸಿಸ್ಟೆಂಟ್ ಪ್ರೊಫೆಸರ್ ಅಂತಲೇ ತೋರಿಸುತ್ತೇವೆ’ ಎಂದಿದ್ದಾರೆ. ಒಪ್ಪಬಹುದೇ? — ವಿರಾಜಪೇಟೆ

ಉ: ಪಾಠಕ್ಕೆ ಖಂಡಿತ ಹೋಗಿ ಡಾಕ್ಟ್ರೇ. ಆ ಹೆಸರಿನಲ್ಲಿ ಮಾತ್ರ ಬೇಡ.

ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಕನಿಷ್ಠ ಮಾನದಂಡಗಳ ಪ್ರಕಾರ, ಕಾಲೇಜಿಗೆ ಇಷ್ಟು ಬೋಧಕರಿರಬೇಕು ಎಂಬ ಲೆಕ್ಕಕ್ಕೆ ಬರುವವರು ಪೂರ್ಣಾವಧಿಯವರೇ ಆಗಿರಬೇಕು. ಅವರ ಹಾಜರಾತಿ ಕೆಲಸದ ದಿನಗಳ ಶೇ. 75ಕ್ಕಿಂತ ಕಡಿಮೆ ಇರಬಾರದು. ಕಾಲೇಜಿನ ಹೊತ್ತಿನಲ್ಲಿ ಅವರು ಖಾಸಗಿ ಪ್ರಾಕ್ಟೀಸ್ ಮಾಡುವಂತಿಲ್ಲ. ಅತಿಥಿ ಬೋಧಕರಿಗೂ ಅವಕಾಶ ಇದೆ, ಆದರೆ ಆ ಕನಿಷ್ಠ ಸಂಖ್ಯೆ ತುಂಬಿದ ಮೇಲೆ ಹೆಚ್ಚುವರಿಯಾಗಿ. ನಿಮ್ಮ ಎರಡು ಮಧ್ಯಾಹ್ನಗಳನ್ನು ತೋರಿಸಿ ಖಾಲಿ ಹುದ್ದೆ ತುಂಬಿಸಿದರೆ ಅದು ಸುಳ್ಳು ಲೆಕ್ಕ. ಬೋಧಕರ ಘೋಷಣಾ ಪತ್ರಕ್ಕೆ ಸಹಿ ಹಾಕುವವರು ನೀವೇ ಆದ್ದರಿಂದ, ನಾಳೆ ವೈದ್ಯಕೀಯ ಪರಿಷತ್ತು ಕೇಳಿದರೆ ಉತ್ತರ ಕೊಡಬೇಕಾದವರೂ ನೀವೇ. 2025ರಿಂದ ಹಾಜರಾತಿಯೂ ಮುಖ ಗುರುತಿಸಿ ಸ್ಥಳ ನೋಡುವ ಆ್ಯಪ್‌ನಲ್ಲಿ ದಾಖಲಾಗುತ್ತದೆ. ಕಾಲೇಜು ತಪಾಸಣೆಯಲ್ಲಿ ಲಂಚ ಮತ್ತು ನಕಲಿ ಬೋಧಕರ ವಿಷಯದಲ್ಲಿ ಸಿಬಿಐ ಪ್ರಕರಣ ದಾಖಲಿಸಿದ್ದೂ ಅದೇ ವರ್ಷ.

ನೇಮಕದ ಆದೇಶ ಕೈಗೆ ಬಂದ ಕೂಡಲೇ ಇವನ್ನು ನೋಡಿ: ಪದನಾಮ ‘ಅತಿಥಿ ಬೋಧಕ’ ಎಂದೇ ಇದೆಯೇ, ಯಾವ ವಿಷಯ, ಯಾವ ಹಂತದ ವಿದ್ಯಾರ್ಥಿಗಳು, ವಾರಕ್ಕೆ ಎಷ್ಟು ಗಂಟೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಗೌರವಧನ ಗಂಟೆಗೋ ತರಗತಿಗೋ. ಪ್ರಶ್ನೆಪತ್ರಿಕೆ ತಯಾರಿ, ಆಂತರಿಕ ಪರೀಕ್ಷೆಯ ಮೌಲ್ಯಮಾಪನ, ಪ್ರಯಾಣ, ಇವು ಆ ಗೌರವಧನದಲ್ಲೇ ಸೇರಿವೆಯೋ ಬೇರೆಯೋ ಎಂಬುದನ್ನು ಬರೆಸಿಕೊಳ್ಳದಿದ್ದರೆ ಎಲ್ಲವೂ ಸೇರಿದೆ ಎಂದೇ ಕಚೇರಿಯವರು ಅರ್ಥ ಮಾಡಿಕೊಳ್ಳುತ್ತಾರೆ. ವೃತ್ತಿಪರ ಶುಲ್ಕವೆಂದು ಕೊಡುವುದಾದರೆ ವಾರ್ಷಿಕ ಮಿತಿ ದಾಟಿದಾಗ ಶೇ. 10 ತೆರಿಗೆ ಮೊದಲೇ ಕಡಿತವಾಗುತ್ತದೆ. ಸಂಬಳವೆಂದರೆ ಲೆಕ್ಕವೇ ಬೇರೆ. ಯಾವುದು ಎಂದು ಮೊದಲ ತಿಂಗಳಲ್ಲೇ ಕೇಳಿ.

ಹೆಚ್ಚಿನವರು ಮರೆಯುವ ಇನ್ನೊಂದು ಸಂಗತಿ ವೃತ್ತಿ ವಿಮೆ. ಪಾಠದ ಜೊತೆ ವಾರ್ಡಿನ ರೋಗಿಗಳನ್ನೂ ನೋಡಿ ಚಿಕಿತ್ಸೆ ಬರೆಯುವುದಾದರೆ, ನಿಮ್ಮ ಪಾಲಿಸಿ ಕ್ಲಿನಿಕ್‌ನ ವಿಳಾಸಕ್ಕಷ್ಟೇ ಸೀಮಿತವೇ ಎಂದು ಓದಿ ನೋಡಿ. ಹಾಗಿದ್ದರೆ ಆಸ್ಪತ್ರೆಯ ಹೆಸರನ್ನೂ ಸೇರಿಸಲು ವಿಮಾ ಕಂಪನಿಗೆ ಬರೆಯಿರಿ. ಮುಂದೆಂದಾದರೂ ಪೂರ್ಣಾವಧಿ ಹುದ್ದೆಗೆ ಹೋಗುವ ಯೋಚನೆ ಇದ್ದರೆ, ಅತಿಥಿಯಾಗಿ ಕಳೆದ ವರ್ಷಗಳು ಬಡ್ತಿಯ ಅನುಭವಕ್ಕೆ ಸೇರುತ್ತವೆ ಎಂದು ನಂಬಿಕೊಂಡು ಕೂರಬೇಡಿ.

ಪ್ರ: ಜಿಲ್ಲೆಯ ಹೊರಗಿನ ಒಂದು ಕಾಲೇಜಿನಲ್ಲಿ ಹಲವು ವರ್ಷಗಳಿಂದ ಅರೆಕಾಲಿಕವಾಗಿ ಪಾಠ ಮಾಡುತ್ತಿದ್ದೇನೆ. ಟೈಮ್‌ಟೇಬಲ್ ಬದಲಾದದ್ದು ನನಗೆ ಗೊತ್ತಾಗುವುದು ವಿದ್ಯಾರ್ಥಿಗಳಿಂದ! ನಮ್ಮಂಥ ಎಂಟು ಜನ ಇದ್ದೇವೆ. ಕಾಲೇಜ್ ಕೌನ್ಸಿಲ್‌ನಲ್ಲಿ ಒಂದು ಸ್ಥಾನ ಕೇಳಬಹುದೇ? — ಗೋಣಿಕೊಪ್ಪಲು

ಉ: ಕೇಳಬಹುದು. ಆದರೆ ಕೌನ್ಸಿಲ್ ಸದಸ್ಯತ್ವದಿಂದಲೇ ಶುರು ಮಾಡಿದರೆ ಮೊದಲ ಹೆಜ್ಜೆಯಲ್ಲೇ ತಡೆ ಎದುರಾಗುತ್ತದೆ. ಆಯೋಗದ ನಿಯಮದಂತೆ ಕಾಲೇಜ್ ಕೌನ್ಸಿಲ್ ಎಂದರೆ ವಿಭಾಗ ಮುಖ್ಯಸ್ಥರು, ಅಧ್ಯಕ್ಷತೆ ಡೀನ್ ಅಥವಾ ಪ್ರಾಂಶುಪಾಲರದು. ವರ್ಷಕ್ಕೆ ಕನಿಷ್ಠ 4 ಸಭೆ. ಮುಖ್ಯಸ್ಥರೆಲ್ಲ ಪೂರ್ಣಾವಧಿಯವರೇ. ಅಂದರೆ ಅರೆಕಾಲಿಕರ ದನಿ ಅಲ್ಲಿ ಕೇಳಿಸದಿರುವುದಕ್ಕೆ ಯಾರ ದ್ವೇಷವೂ ಕಾರಣವಾಗಬೇಕಿಲ್ಲ, ಆ ಸಭೆಯನ್ನು ಕಟ್ಟಿರುವ ರೀತಿಯೇ ಹಾಗಿದೆ. ಅದಕ್ಕೇ ಕೆಳಗಿನಿಂದ ಹೋಗುವುದು ಲೇಸು.

ಮೊದಲು ವಿಭಾಗದ ಸಭೆ. ನಿಮ್ಮ ವಿಭಾಗ ಮುಖ್ಯಸ್ಥರಿಗೆ ಒಂದೇ ಪುಟದ ಪತ್ರ ಕೊಡಿ. ಅದರಲ್ಲಿ ಒಂದೇ ಬೇಡಿಕೆ ಇರಲಿ: ಟೈಮ್‌ಟೇಬಲ್ ಮತ್ತು ಆಂತರಿಕ ಮೌಲ್ಯಮಾಪನ ಚರ್ಚೆಗೆ ಬರುವ ವಿಭಾಗ ಸಭೆಗಳಿಗೆ ಅತಿಥಿ ಬೋಧಕರನ್ನೂ ಕರೆಯಬೇಕು, ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆಯಬೇಕು. ಗೌರವಧನ ಏರಿಕೆ, ಪಾರ್ಕಿಂಗ್, ಕ್ಯಾಂಟೀನ್ ಎಲ್ಲವನ್ನೂ ಅದೇ ಪತ್ರಕ್ಕೆ ತುರುಕಿದರೆ ಸುಲಭದ್ದೊಂದಕ್ಕೆ ‘ಆಗಲಿ’ ಎಂದು ಹೇಳಿ ಉಳಿದದ್ದನ್ನು ಕಡತಕ್ಕೆ ಸೇರಿಸುತ್ತಾರೆ. ಪತ್ರವನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ ಮನವಿಗೆ ಯಾವ ಕಚೇರಿಯಲ್ಲೂ ಕಡತ ತೆರೆಯುವುದಿಲ್ಲ.

ಎರಡನೆಯದು ಪಠ್ಯಕ್ರಮ ಸಮಿತಿ. 2019ರ ಬ್ಯಾಚ್‌ನಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದ ಮೇಲೆ ಯಾವ ವಾರ ಯಾವ ವಿಷಯ, ಯಾವುದನ್ನು ಯಾವ ವಿಭಾಗಗಳು ಸೇರಿ ಕಲಿಸಬೇಕು ಎಂಬ ಹೆಣಿಗೆ ನಡೆಯುವುದು ಅಲ್ಲಿ. ನಿಮ್ಮ ಗೋಳಿಗೆ ಮೂಲವೂ ಅಲ್ಲೇ. ವಿಶೇಷ ಆಹ್ವಾನಿತರಾಗಿ ಒಬ್ಬರನ್ನು ಕರೆಯುವಂತೆ ಎಂಟೂ ಜನ ಸಹಿ ಮಾಡಿ ಡೀನ್‌ಗೆ ಕೇಳಿ. ಇದೆರಡೂ ಒಂದು ವರ್ಷ ಸರಿಯಾಗಿ ನಡೆದರೆ, ಟೈಮ್‌ಟೇಬಲ್ ಮಂಜೂರಾಗುವ ಕೌನ್ಸಿಲ್ ಸಭೆಗೆ ನಿಮ್ಮಲ್ಲೊಬ್ಬರನ್ನು ಆಹ್ವಾನಿತರಾಗಿ ಕರೆಯಿರಿ ಎಂದು ಕೇಳಲು ಆಧಾರ ಸಿಗುತ್ತದೆ.

ಪ್ರತಿನಿಧಿ ಅಂತ ಒಬ್ಬರಾದ ಮೇಲೂ ಕೆಲಸ ಕೆಡುವ ದಾರಿಗಳಿವೆ. ಪ್ರತಿನಿಧಿಯನ್ನು ಡೀನ್ ಆರಿಸಿದರೆ ಅವರು ಡೀನ್ ಅವರ ಪ್ರತಿನಿಧಿ, ನಿಮ್ಮವರಲ್ಲ. ಎಂಟು ಜನ ಸೇರಿ ಚೀಟಿ ಹಾಕಿ ಆರಿಸಿ. ಅವಧಿ ಎರಡು ವರ್ಷ ಸಾಕು, ಜೊತೆಗೊಬ್ಬ ಬದಲಿ ಪ್ರತಿನಿಧಿ ಇರಲಿ. ಬುಧವಾರ ಬೆಳಗ್ಗೆ 11ಕ್ಕೆ ಸಭೆ ಇಟ್ಟರೆ ಕ್ಲಿನಿಕ್ ಇರುವ ಯಾರೂ ಬರಲಾರರು. ಬಾರದವರಿಗೆ ಆಸಕ್ತಿ ಇಲ್ಲ ಎಂದು ನಡಾವಳಿಯಲ್ಲಿ ಸೇರಿಬಿಡುತ್ತದೆ. ಆದ್ದರಿಂದ ಸಭೆಯ ವಿಷಯಸೂಚಿ 7 ದಿನ ಮುಂಚೆ ಬರಬೇಕು, ಆನ್‌ಲೈನ್‌ನಲ್ಲಿ ಸೇರಲು ಅವಕಾಶ ಇರಬೇಕು, ಸಭೆಯ ಹೊತ್ತನ್ನು ಒಂದು ತರಗತಿಗೆ ಸಮವೆಂದು ಹಣ ಕೊಡಬೇಕು. ಹಣದ ಮಾತು ಸಣ್ಣದೆನಿಸಬಹುದು. ಆದರೆ ಗೋಣಿಕೊಪ್ಪಲಿನಿಂದ ಮೈಸೂರಿನ ಕಡೆಗೋ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆಗೋ ಹೋಗಿಬರುವವರಿಗೆ ಒಂದು ಸಭೆ ಎಂದರೆ ಅರ್ಧ ದಿನದ ಓಪಿಡಿ ಕೈಬಿಟ್ಟಂತೆ. ಪುಕ್ಕಟೆ ಪ್ರಾತಿನಿಧ್ಯ ಮೂರನೇ ಸಭೆಯ ಹೊತ್ತಿಗೆ ನಿಂತುಹೋಗುತ್ತದೆ.

ಯಾವುದಕ್ಕೆ ಮತ ಹಾಕಬೇಕು, ಯಾವುದಕ್ಕೆ ಬೇಡ? ಪಠ್ಯ, ವೇಳಾಪಟ್ಟಿ, ಮೌಲ್ಯಮಾಪನದಲ್ಲಿ ಅರೆಕಾಲಿಕರಿಗೂ ಪೂರ್ಣ ಮಾತು ಇರಬೇಕು ಎಂಬುದು ನಮ್ಮ ನಿಲುವು. ಪೂರ್ಣಾವಧಿಯವರ ಬಡ್ತಿ, ನೇಮಕದ ವಿಷಯದಲ್ಲಿ ಬೇಡ. ದಿನವಿಡೀ ಅಲ್ಲಿದ್ದು ಅದರ ಭಾರ ಹೊರುವವರು ಅವರು. ನಿಮ್ಮದೇ ಗೌರವಧನ ಚರ್ಚೆಗೆ ಬಂದಾಗ ಹೇಳಬೇಕಾದ್ದು ಹೇಳಿ, ಮತದಿಂದ ದೂರ ಇರಿ.

ಸರ್ಕಾರಿ ಸಂಸ್ಥೆಯಾದರೆ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, ಉತ್ತರಕ್ಕೆ 30 ದಿನದ ಗಡುವು ಇದೆ. ಆದರೆ ಅದು ಕೊನೆಯ ದಾರಿ. ದಿನಾ ಮುಖ ನೋಡುವ ವಿಭಾಗದಲ್ಲಿ ಮೊದಲು ಬಾಯಿಬಿಟ್ಟು ಕೇಳಿ.

ಪ್ರ: ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ. ಕೆಲವು ಪಾಠ ಹೊರಗಿನ ಡಾಕ್ಟರು ಬಂದು ಮಾಡುತ್ತಾರಂತೆ. ಕಲಿಕೆಗೆ ಪೆಟ್ಟು ಬೀಳುವುದಿಲ್ಲವೇ? — ಕುಶಾಲನಗರ

ಉ: ಕಾಯಂ ಬೋಧಕರ ಜಾಗಕ್ಕೆ ಅವರನ್ನು ತಂದಿದ್ದರೆ ಪೆಟ್ಟು ಬೀಳುತ್ತದೆ. ಕಾಯಂ ಬೋಧಕರ ಜೊತೆಗೆ ತಂದಿದ್ದರೆ ಲಾಭ. ಮಗಳನ್ನು ಇಷ್ಟು ಕೇಳಿ: ಕಲಿತದ್ದನ್ನು ದಾಖಲಿಸುವ ಲಾಗ್‌ಬುಕ್‌ಗೆ ಸಹಿ ಹಾಕುವವರು ಯಾರು? ಅನುಮಾನ ಬಂದರೆ ಮರುದಿನ ಸಿಗುವವರು ಯಾರು? ಎರಡಕ್ಕೂ ವಿಭಾಗದ ಕಾಯಂ ಬೋಧಕರ ಹೆಸರು ಬಂದರೆ ಚಿಂತೆ ಬೇಡ.

ಪ್ರ: ಒಂದು ಗಂಟೆ ಕೊಡುತ್ತಾರೆ. ಪಠ್ಯಪುಸ್ತಕದ್ದನ್ನೇ ಓದಿ ಹೇಳುವುದಕ್ಕೆ ನಾನೇಕೆ ಹೋಗಬೇಕು ಅನ್ನಿಸುತ್ತದೆ. ಹಳ್ಳಿ ವೈದ್ಯ ಏನು ಕಲಿಸಿದರೆ ಸಾರ್ಥಕ? — ಸೋಮವಾರಪೇಟೆ

ಉ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ತೋಟದ ನಾಡಿನಲ್ಲಿ ನೀವು ನೋಡಿರುವ ರೋಗಿ ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಮುಗಿದಿರುತ್ತಾನೆ. ಹಾವಿನ ಕಡಿತವನ್ನೇ ತೆಗೆದುಕೊಳ್ಳಿ. ರಾಜ್ಯದಲ್ಲಿ 2024ರಿಂದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯವಾಗಿದೆ.

ಕಡಿಸಿಕೊಂಡವರ ರಕ್ತ ಹೆಪ್ಪುಗಟ್ಟದಂತೆ ವಿಷ ಮಾಡಿದೆಯೇ ಎಂದು ನೋಡುವ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಒಂದು ಗಂಟೆಯ ತರಗತಿಗೆ ಹೇಳಿ ಮಾಡಿಸಿದ್ದು. ಹೊಸ, ಒಣ ಗಾಜಿನ ಟೆಸ್ಟ್ ಟ್ಯೂಬ್ ಒಂದು, ಸೋಪಿನ ಪುಡಿಯಲ್ಲಿ ತೊಳೆದು ಒಣಗಿಸಿದ ಹಳೆಯ ಗಾಜಿನ ಟ್ಯೂಬ್ ಒಂದು, ಪ್ಲಾಸ್ಟಿಕ್ ಟ್ಯೂಬ್ ಒಂದು ತನ್ನಿ. ತಾನಾಗಿ ಮುಂದೆ ಬಂದ ಆರೋಗ್ಯವಂತರಿಂದ ರಕ್ತ ತೆಗೆದು ಮೂರಕ್ಕೂ 2 ಮಿ.ಲೀ. ಹಾಕಿ. ವಿದ್ಯಾರ್ಥಿಗಳನ್ನು ಒತ್ತಾಯಿಸಬೇಡಿ, ರೋಗಿಯ ರಕ್ತವಂತೂ ಪ್ರದರ್ಶನಕ್ಕೆ ಬೇಡವೇ ಬೇಡ. ಸ್ಟ್ಯಾಂಡಿನಲ್ಲಿಟ್ಟು ಯಾರೂ ಅಲುಗಾಡಿಸದಂತೆ ನೋಡಿಕೊಳ್ಳಿ. ಆ 20 ನಿಮಿಷದಲ್ಲಿ ಪಾಠ ಮಾಡಿ. ಆಮೇಲೆ ಒಮ್ಮೆ ಮಾತ್ರ ಓರೆ ಮಾಡಿ ತೋರಿಸಿ. ಹೊಸ ಗಾಜಿನಲ್ಲಿ ರಕ್ತ ಗಟ್ಟಿಯಾಗಿರುತ್ತದೆ. ಉಳಿದೆರಡರಲ್ಲಿ ನೀರಾಗಿಯೇ ಉಳಿದಿರಬಹುದು. ಹೆಪ್ಪುಗಟ್ಟುವ ಕ್ರಿಯೆ ಶುರುವಾಗಲು ಶುದ್ಧ ಗಾಜಿನ ಮೇಲ್ಮೈ ಬೇಕು, ಸೋಪಿನ ಅಂಶ ಅದನ್ನು ತಡೆಯುತ್ತದೆ. ಟ್ಯೂಬಿನ ದೋಷವನ್ನೇ ವಿಷದ ಲಕ್ಷಣವೆಂದು ತಿಳಿದು, ವಿಷವೇ ಏರದವನಿಗೆ ಪ್ರತಿವಿಷ ಹಾಕಿ ಅಲರ್ಜಿಯ ಅಪಾಯಕ್ಕೆ ದೂಡುವುದು ಹೇಗೆ ಎಂದು ಅವರು ಕಣ್ಣಾರೆ ಕಾಣುತ್ತಾರೆ.

ಉಳಿದ ಹೊತ್ತಿನಲ್ಲಿ ಇದನ್ನು ಹೇಳಿ: ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಪಶ್ಚಿಮ ಘಟ್ಟದ ತೋಟಗಳಲ್ಲಿ ಸಿಗುವ, ಮೂತಿ ಮೇಲಕ್ಕೆ ಚೂಪಾಗಿರುವ ಗುಳಿ ಮಂಡಲ ಅದರಲ್ಲಿ ಸೇರಿಲ್ಲ. ಅದರ ವಿಷವೂ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ. ಪ್ರತಿವಿಷ ಕೊಟ್ಟು 6 ಗಂಟೆಯ ನಂತರದ ಮರುಪರೀಕ್ಷೆಗಳಲ್ಲೂ ರಕ್ತ ನೀರಾಗಿಯೇ ಇದ್ದರೆ ಸೀಸೆಯ ಮೇಲೆ ಸೀಸೆ ಸುರಿಯುವ ಮುನ್ನ ಯಾವ ಹಾವು ಎಂದು ಮತ್ತೆ ಯೋಚಿಸಬೇಕು, ಡಯಾಲಿಸಿಸ್ ಇರುವ ಕಡೆಗೆ ಕಳಿಸುವ ತಯಾರಿ ಮಾಡಬೇಕು. ಕೊಡಗಿನ ವೈದ್ಯರಿಗಿಂತ ಇದನ್ನು ಚೆನ್ನಾಗಿ ಹೇಳುವವರು ಯಾರು?

ಪ್ರ: ಕಾಲೇಜಿನಲ್ಲಿ ಗುತ್ತಿಗೆ ಮೇಲಿದ್ದೇನೆ, ಆದೇಶ ಮಾರ್ಚ್‌ಗೆ ಮುಗಿಯುತ್ತದೆ. ಫೆಬ್ರುವರಿಯಲ್ಲಿ ಹೆರಿಗೆ. ‘ಗುತ್ತಿಗೆ ಮುಗಿದ ಮೇಲೆ ರಜೆ ಎಲ್ಲಿಯದು’ ಎನ್ನುತ್ತಾರೆ. — ಮಡಿಕೇರಿ

ಉ: ಅವರ ಮಾತು ಸರಿಯಲ್ಲ ಮೇಡಂ. ಗುತ್ತಿಗೆ ಮೇಲಿದ್ದ ಸೀನಿಯರ್ ರೆಸಿಡೆಂಟ್ ವೈದ್ಯೆಯೊಬ್ಬರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ: ಹೆರಿಗೆ ಸೌಲಭ್ಯ ಗುತ್ತಿಗೆಯ ಅವಧಿ ಮುಗಿದ ನಂತರಕ್ಕೂ ಸಲ್ಲುತ್ತದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಮೊದಲ ಎರಡು ಮಕ್ಕಳಿಗೆ 26 ವಾರ ಸಿಗುತ್ತದೆ. ಗುತ್ತಿಗೆ ಚಾಲ್ತಿಯಲ್ಲಿರುವಾಗಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತರಗತಿಗೆ ಇಷ್ಟು ಎಂದು ಗೌರವಧನ ಪಡೆಯುವ ಅತಿಥಿ ಬೋಧಕರಿಗೆ ಮಾತ್ರ ಇದೇ ಹಕ್ಕು ಸಾಧಿಸುವುದು ಕಷ್ಟ. ತಾವು ಉದ್ಯೋಗಿ ಎಂಬುದನ್ನೇ ಅವರು ಮೊದಲು ತೋರಿಸಬೇಕಾಗುತ್ತದೆ.

ಪ್ರ: ವಿಭಾಗದ ಟೈಮ್‌ಟೇಬಲ್ ಮಾಡುವ ಹೊಣೆ ನನ್ನದು. ಮಳೆಗಾಲದಲ್ಲಿ ಅತಿಥಿ ಬೋಧಕರ ತರಗತಿಗಳೇ ತಪ್ಪುತ್ತವೆ. — ಮಡಿಕೇರಿ

ಉ: ಜುಲೈ, ಆಗಸ್ಟ್‌ನಲ್ಲಿ ಅವರಿಗೆ ವಾರದ ಖಾಯಂ ತರಗತಿ ಇಡಲೇಬೇಡಿ. ಹುತ್ತರಿ, ಕೈಲ್‌ಪೋಳ್ದ್, ಕಾವೇರಿ ಸಂಕ್ರಮಣದ ಆಸುಪಾಸಿನ ದಿನಗಳನ್ನೂ ಬಿಡಿ. ತೋಟ ಇರುವವರಾದರೆ ಕಾಫಿ ಕೊಯ್ಲಿನ ತಿಂಗಳು ಯಾವುದೆಂದು ಮೊದಲೇ ಕೇಳಿ, ಅರೇಬಿಕಾದವರಿಗೂ ರೊಬಸ್ಟಾದವರಿಗೂ ಬೇರೆ ಬೇರೆ. ಅವರ ಗಂಟೆಗಳನ್ನು ಸೆಪ್ಟೆಂಬರ್ ನಂತರ ಎರಡೆರಡು ಗಂಟೆಯ ಕಂತುಗಳಾಗಿ ಕೂಡಿಸಿ. ಮಳೆಗೆ ಜಿಲ್ಲಾಡಳಿತ ರಜೆ ಘೋಷಿಸಿದ ದಿನ ತಪ್ಪಿದ ತರಗತಿಗೆ ಬದಲಿ ದಿನಾಂಕವನ್ನು ಅದೇ ವಾರ ಬರೆದು ತಿಳಿಸಿ, ವಿದ್ಯಾರ್ಥಿಗಳಿಗೆ ಹೇಳುವ ಮೊದಲು ಬೋಧಕರಿಗೆ ಹೇಳಿ.