60 ಪುಟದ ಆಸೆ ಬಿಡಿ

ಓದುಗರ ಪತ್ರ: ‘ಮೂರು ವರ್ಷಗಳಿಂದ ಮನೆಯಲ್ಲೇ ಕೂತು ಬೇರೆ ಬೇರೆ ಪ್ರಕಾಶಕರಿಗೆ ಪ್ರೂಫ್ (ಅಚ್ಚಿಗೆ ಮುಂಚಿನ ಕರಡು) ನೋಡಿಕೊಡುತ್ತಿದ್ದೇನೆ. ದಿನಕ್ಕೆ 40 ಪುಟ ದಾಟುವುದಿಲ್ಲ. ಟೈಮರ್ ಇಟ್ಟು ನೋಡಿದೆ, ರಾತ್ರಿ ಒಂದರವರೆಗೂ ಕೂತೆ. ಆದರೂ ಅಚ್ಚಾದ ಮೇಲೆ ತಪ್ಪು ಕಾಣುತ್ತದೆ. 60 ಪುಟ ಮುಟ್ಟಲು ಯಾವ ಅಭ್ಯಾಸ ಬೆಳೆಸಿಕೊಳ್ಳಲಿ?’

ಸಂಪಾದಕರ ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ವಾಕ್ಯಗಳನ್ನು ಇನ್ನೊಮ್ಮೆ ಓದಿಕೊಳ್ಳಿ. ತಪ್ಪು ಉಳಿಯುತ್ತಿದೆ ಎನ್ನುತ್ತೀರಿ, ಅದರ ಬೆನ್ನಿಗೇ ಇನ್ನೂ 20 ಪುಟ ಬೇಕು ಎನ್ನುತ್ತೀರಿ. ಇಷ್ಟು ಶ್ರದ್ಧೆಯಿಂದ ಕೇಳಿದವರಿಗೆ ಗದರುವ ಮನಸ್ಸಿಲ್ಲ. ಆದರೂ ಹೇಳುತ್ತೇನೆ, ಆ 60ರ ಆಸೆ ಬಿಡಿ.

ಟೈಮರ್ ಒಳ್ಳೆಯದೇ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಕ್ರಮದಿಂದ ಎಷ್ಟೋ ಜನರಿಗೆ ಅನುಕೂಲವಾಗಿದೆ. ಆದರೆ ಅದು ನಿಮ್ಮನ್ನು ಕುರ್ಚಿಯಲ್ಲಿ ಕೂರಿಸೀತು, ಕಣ್ಣನ್ನು ಅಕ್ಷರದ ಮೇಲೆ ನಿಲ್ಲಿಸಲಾರದು. 1948ರಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ರೇಡಾರ್ ಪರದೆ ನೋಡುತ್ತ ಕಾಯುವವರ ಎಚ್ಚರದ ಬಗ್ಗೆ ತಾನು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ. ಗಡಿಯಾರದ ಮುಳ್ಳಿನಂಥದೊಂದು ಒಂದೊಂದೇ ಹೆಜ್ಜೆ ಸರಿಯುತ್ತಿರುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತದೆ. ಆ ಹಾರಿಕೆಯನ್ನು ಹಿಡಿಯಬೇಕು, ಎರಡು ಗಂಟೆ. ಮೊದಲ ಅರ್ಧ ಗಂಟೆ ಕಳೆದದ್ದೇ ತಡ, ಕೈತಪ್ಪುವುದು ಹೆಚ್ಚಾಯಿತು. ನಮ್ಮ ಕೆಲಸವೂ ಅದೇ ಜಾತಿಯದು. ಸಾಲುಸಾಲು ಸರಿಯಾದ ಪದಗಳ ನಡುವೆ ಎಲ್ಲೋ ಒಂದು ಹಾರಿಕೆ. ರಾತ್ರಿ ಒಂದು ಗಂಟೆಗೆ ಅದನ್ನು ಹಿಡಿಯುತ್ತೇನೆ ಎಂದುಕೊಂಡರೆ ದೇಹ ಒಪ್ಪುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಬಾಯಿಬಿಟ್ಟು ಓದಿ. ಈ ಮಾತನ್ನು ನಾನು ಎಷ್ಟು ಸಲ ಬರೆದರೂ ನನಗೆ ದಣಿವಿಲ್ಲ. ಅಚ್ಚಿಗೆ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ರೂಫಿಗೆ ಇಬ್ಬರು ಕೂರುತ್ತಿದ್ದರು. ಒಬ್ಬರು ಹಸ್ತಪ್ರತಿ ಹಿಡಿದು ‘ಕಾಮಾ’, ‘ಪೂರ್ಣವಿರಾಮ’, ‘ಹೊಸ ಪ್ಯಾರಾ’ ಎಂದು ಎಲ್ಲವನ್ನೂ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಾಡಿಸುವುದು. ನಾನು ಕೆಲಸ ಕಲಿತದ್ದು ಹಾಗೆಯೇ. ನನ್ನ ಎದುರು ಕೂರುತ್ತಿದ್ದ ಹಿರಿಯರು ಸಾಲಿನ ಕೆಳಗೆ ಒಂದು ರಟ್ಟಿನ ಪಟ್ಟಿ ಇಡುತ್ತಿದ್ದರು, ಮುಂದಿನ ಸಾಲು ಕಣ್ಣಿಗೆ ಬೀಳದಂತೆ. ಓದು ಬಲ್ಲ ಕಣ್ಣು ಪದದ ಕೆಲವು ಅಕ್ಷರ ಕಂಡೊಡನೆ ಉಳಿದದ್ದನ್ನು ಊಹಿಸಿಬಿಡುತ್ತದೆ. ನಾಲಿಗೆಗೆ ಒಂದೊಂದಾಗಿ ಉಚ್ಚರಿಸದೆ ಗತಿಯಿಲ್ಲ. ಪರದೆಯ ಮೇಲೆ ನೋಡುವವರೂ ಅಕ್ಷರದ ಗಾತ್ರ ಹಿಗ್ಗಿಸಿ, ಸಾಲೊಂದನ್ನೇ ಕಣ್ಣಳತೆಯಲ್ಲಿಟ್ಟು ಇದನ್ನು ಮಾಡಬಹುದು.

ಬಾಯಿಬಿಟ್ಟು ಓದಿದರೂ ಸಿಗದ ತಪ್ಪೂ ಇದೆ. ಒಮ್ಮೆ ಹಿರಿಯರೊಬ್ಬರು ತೀರಿಕೊಂಡಾಗ ನೆನಪಿನ ಪುಟವೊಂದನ್ನು ನಾನೇ ನೋಡಿದೆ. ಹೆಸರು, ತಾರೀಖು, ಊರು ಎಲ್ಲವನ್ನೂ ನಾಲ್ಕು ನಾಲ್ಕು ಸಲ ತಾಳೆ ಹಾಕಿದೆ. ಬೆಳಿಗ್ಗೆ ಪುಟ ತೆರೆದರೆ ದಪ್ಪ ಅಕ್ಷರದ ತಲೆಬರಹದಲ್ಲಿ ‘ಶ್ರದ್ದಾಂಜಲಿ’. ಒತ್ತಕ್ಷರದ ಅಡಿಯ ಒಂದು ಸಣ್ಣ ಗೀರು ಇರಲಿಲ್ಲ. ಆ ಮನೆಯವರು ಪುಟವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ, ನಾನು ಅಲ್ಲಿಗೆ ಹೋದಾಗ ಈಗಲೂ ಆ ಗೋಡೆಯತ್ತ ನೋಡಲಾರೆ. ಮುದ್ರಾರಾಕ್ಷಸ, ಅಂದರೆ ಅಚ್ಚಿನ ತಪ್ಪು, ಹೆಚ್ಚಾಗಿ ಕೂರುವುದು ದೊಡ್ಡ ಅಕ್ಷರದಲ್ಲೇ. ಆದ್ದರಿಂದ ತಲೆಬರಹ, ಪುಟಸಂಖ್ಯೆ, ಚಿತ್ರದ ಅಡಿಬರಹಗಳಿಗೆಂದೇ ಒಂದು ಸುತ್ತು ಬೇರೆ ಇಡಿ. ‘ನುಡಿ’ ತಂತ್ರಾಂಶದ ಹಳೆಯ ಕಡತ ಈಗಿನ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಾಗಿ ಬಂದಿದ್ದರೆ, ಆ ಬದಲಾವಣೆಯಲ್ಲಿ ಕೆಡಬಹುದಾದ ಅರ್ಕಾವೊತ್ತಿಗೆ (‘ಸೂರ್ಯ’ದಲ್ಲಿ ಬರುವ ‘ರ್’ ಗುರುತಿಗೆ) ಇನ್ನೊಂದು ಸುತ್ತು. ಒಂದು ತಪ್ಪು ಸಿಕ್ಕ ಸಾಲನ್ನು ತಿದ್ದಿ ಮುಂದೆ ಓಡಬೇಡಿ. ಸಿಕ್ಕ ಖುಷಿಯಲ್ಲಿ ಪಕ್ಕದ್ದು ತಪ್ಪಿಸಿಕೊಳ್ಳುತ್ತದೆ. ಮತ್ತೆ ಪ್ರತಿ ಪುಸ್ತಕಕ್ಕೂ ಒಂದು ಹಾಳೆ ಇಟ್ಟು, ‘ಶೇಕಡಾ’ ಎಂದೋ ‘ಶೇಕಡ’ ಎಂದೋ ಮೊದಲ ಸಲ ತೀರ್ಮಾನಿಸಿದ್ದನ್ನು ಬರೆದಿಡಿ.

ಇಷ್ಟು ಸುತ್ತು ಹಾಕಿದರೆ 40 ಪುಟವೇ ಹೆಚ್ಚಾಯಿತು. ಅದು ನಿಮ್ಮ ಸೋಮಾರಿತನ ಎಂದು ನಿಮಗೆ ಯಾರು ಹೇಳಿಕೊಟ್ಟರು? ಲೇಖಕರು ಹಸ್ತಪ್ರತಿ ಕೊಡಲು ತಿಂಗಳುಗಟ್ಟಲೆ ತಡಮಾಡುತ್ತಾರೆ, ಪುಟವಿನ್ಯಾಸದವರು ಒಂದು ವಾರ, ಮುಖಪುಟದವರು ಇನ್ನೊಂದು ವಾರ. ಬಿಡುಗಡೆಯ ದಿನ ಮಾತ್ರ ಕದಲುವುದಿಲ್ಲ. ಎಲ್ಲರೂ ತಿಂದ ದಿನಗಳನ್ನು ಕೊನೆಯಲ್ಲಿ ಕೂತವರ ಎರಡು ರಾತ್ರಿಗಳಿಂದ ತೀರಿಸುತ್ತೇವೆ. ತಪ್ಪು ಉಳಿದರೆ ಸಭೆಯಲ್ಲಿ ಎಲ್ಲರಿಗೂ ಪ್ರೂಫ್ ನೋಡಿದವರ ನೆನಪಾಗುತ್ತದೆ, ಪುಸ್ತಕದ ಒಳಪುಟದಲ್ಲಿ ಮಾತ್ರ ಮುಖಪುಟ ಬರೆದವರ ಹೆಸರಿರುತ್ತದೆ, ಮುದ್ರಿಸಿದವರ ಹೆಸರಿರುತ್ತದೆ, ಅವರದ್ದಿರುವುದಿಲ್ಲ. ಪತ್ರಿಕೆಯವರಾದ ನಾವೂ ಇದರಲ್ಲಿ ಪಾಲುದಾರರು, ಸಂಚಿಕೆ ಮುಗಿಸುವ ಸಂಜೆ ನಾಲ್ಕಕ್ಕೆ ಪುಟ ಕಳಿಸಿ ಆರಕ್ಕೆ ಕೇಳಿದ್ದೇವೆ.

ನೀವು ಬೆಳೆಸಿಕೊಳ್ಳಬೇಕಾದ ಇನ್ನೊಂದು ಅಭ್ಯಾಸ ಇಲ್ಲಿದೆ. ಕೆಲಸ ಒಪ್ಪುವಾಗ ‘ಇಂಥ ತಾರೀಖಿಗೆ ಕೊಡುತ್ತೇನೆ’ ಎನ್ನಬೇಡಿ. ‘ಪೂರ್ತಿ ಪುಟಗಳು ಕೈಸೇರಿದ ಮೇಲೆ ಇಷ್ಟು ದಿನ’ ಎಂದು ಬರೆದು ಕಳಿಸಿ, ಅವರು ಒಪ್ಪಿದ ಮೇಲೆ ಮೊದಲ ಪುಟ ತೆರೆಯಿರಿ.