ಇನ್ನೊಬ್ಬರ ಸೂರಿನಡಿ ನಮ್ಮ ಆಟ

ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ: ಊರಿನಲ್ಲಿ ನಿಂತೇಹೋಗಿದ್ದ ಮೂಡಲಪಾಯ ಯಕ್ಷಗಾನವನ್ನು 22 ಮಂದಿ ಸೇರಿ ಮತ್ತೆ ಕಲಿಯುತ್ತಿದ್ದೇವೆ. ನಮ್ಮದು ನೋಂದಾಯಿತ ಸಂಘವಲ್ಲ. ಚಂದಾ ಹಣವೆಲ್ಲ ನನ್ನ ಉಳಿತಾಯ ಖಾತೆಗೇ ಬರುತ್ತಿದೆ. ಬೆಂಗಳೂರಿನಲ್ಲಿರುವ ಊರಿನವರೊಬ್ಬರು 3 ಲಕ್ಷ ರೂಪಾಯಿ ಕೊಡಲು ಸಿದ್ಧ, ಆದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯಲು ಬೇಕಾದ 80ಜಿ ರಸೀದಿ ಕೇಳುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ಇನ್ನೊಬ್ಬರು, ‘ನೋಂದಾಯಿತ ಸಂಸ್ಥೆಯೊಂದು ಸಣ್ಣ ಗುಂಪಿನ ಪರವಾಗಿ ಹಣ ಪಡೆದು ಲೆಕ್ಕ ನೋಡಿಕೊಳ್ಳುವುದನ್ನು ಇಲ್ಲಿ ಫಿಸ್ಕಲ್ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ, ಯಾವುದಾದರೂ ಟ್ರಸ್ಟ್‌ನ ಆಶ್ರಯ ಪಡೆಯಿರಿ’ ಎಂದಿದ್ದಾರೆ. ಹತ್ತಿರದ ಶಾಲೆಯೊಂದರ ಟ್ರಸ್ಟ್ ಶೇ 10 ಹಿಡಿದುಕೊಂಡು ಹಣ ನಡೆಸಿಕೊಡಲು ಒಪ್ಪಿದೆ. ಊರಿನ ಹಿರಿಯರು ಮಾತ್ರ ಇದು ಬೇನಾಮಿ ವ್ಯವಹಾರ ಎನ್ನುತ್ತಾರೆ. ಏನು ಮಾಡುವುದು?

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದೇವಸ್ಥಾನದ ಪೆಟ್ಟಿಗೆ ತೆರೆದಾಗ ಹಳೆಯ ಮರದ ಭುಜಕೀರ್ತಿಗಳು, ಎದೆಹಾರಗಳು ಹುಳು ಹಿಡಿಯದೆ ಸಿಕ್ಕವು ಎಂದು ಬರೆದಿದ್ದೀರಲ್ಲ, ಎರಡನೆಯ ಓದು ಆ ಸಾಲಿಗಾಗಿ. ಕೊಬ್ಬರಿಗೆ ಬೆಲೆ ಇಲ್ಲದ ವರ್ಷದಲ್ಲೂ ಮನೆಗೆ ಇಷ್ಟೆಂದು ತೆಂಗಿನಕಾಯಿ ಎತ್ತಿ, ತಿಪಟೂರಿನ ಮಾರುಕಟ್ಟೆಗೆ ಹಾಕಿ ಮದ್ದಳೆ ತಂದ ಊರು ನಿಮ್ಮದು. ಅಂಥ ಊರಿನ ಹಣ ಒಂದು ಸಹಿ ಇಲ್ಲದ ಕಾರಣಕ್ಕೆ ದಿಕ್ಕು ತಪ್ಪಬಾರದು. ಅದಕ್ಕಾಗಿ ಈ ಉತ್ತರ ಉದ್ದವಾಗಿದೆ.

ಮೊದಲು ನಿಮ್ಮ ಸ್ವಂತ ಖಾತೆಯ ಮಾತು. ಅದನ್ನು ಇಂದೇ ನಿಲ್ಲಿಸಿ. ಬಂಧುಗಳಲ್ಲದವರಿಂದ ಒಬ್ಬ ವ್ಯಕ್ತಿಗೆ ವರ್ಷದಲ್ಲಿ ಉಚಿತವಾಗಿ ಬಂದ ಹಣ ಒಟ್ಟು 50,000 ರೂಪಾಯಿ ದಾಟಿದರೆ ಅಷ್ಟೂ ಮೊತ್ತ ಅವರ ಆದಾಯಕ್ಕೆ ಸೇರುತ್ತದೆ. ಇದು ಊರಿನ ಹಣ, ನಾನು ಕಾವಲುಗಾರ ಮಾತ್ರ ಎಂದು ನೀವು ಹೇಳಬಹುದು, ಅದು ಸತ್ಯವೂ ಹೌದು. ಆದರೆ ಆ ಮಾತನ್ನು ರುಜುವಾತು ಮಾಡಲು ಪುಸ್ತಕ ಬೇಕು, ಚೀಟಿ ಬೇಕು. ಇನ್ನೂ ದೊಡ್ಡ ಭಯ ಬೇರೆಯದು. ನಾಳೆ ನಿಮಗೇನಾದರೂ ಆದರೆ ಆ ಹಣ ನಿಮ್ಮ ವಾರಸುದಾರರದ್ದಾಗಿ ಕಾಣುತ್ತದೆಯೇ ಹೊರತು ಮೇಳದ್ದಾಗಿ ಅಲ್ಲ. ಹಳ್ಳಿಗಳಲ್ಲಿ ಒಳ್ಳೆಯ ಕೆಲಸಗಳು ಮುರಿದದ್ದು ಕಳ್ಳತನದಿಂದಲ್ಲ, ಹೆಚ್ಚಾಗಿ ಹೀಗೆ.

ಇನ್ನು ಬೇನಾಮಿಯ ಪ್ರಶ್ನೆ. ಹಿರಿಯರ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಟ್ರಸ್ಟ್ ತನ್ನ ಹೆಸರಿನಲ್ಲಿ ರಸೀದಿ ಹರಿದು, ಶೇ 10 ಮುರಿದುಕೊಂಡು, ಉಳಿದದ್ದನ್ನು ನಿಮ್ಮ ಕೈಗಿತ್ತು ಮುಖ ತಿರುಗಿಸಿದರೆ ಅದು ರಸೀದಿಯ ಮಾರಾಟವೇ. ಅದೇ ಟ್ರಸ್ಟ್ ನಿಮ್ಮ ಕೆಲಸವನ್ನು ತನ್ನ ಕೆಲಸವೆಂದು ಆಡಳಿತ ಮಂಡಳಿಯ ಠರಾವಿನಲ್ಲಿ ಒಪ್ಪಿಕೊಂಡು, ಬಿಲ್ಲುಗಳನ್ನು ತಾನೇ ನೋಡಿ ಪಾವತಿಸಿ, ವರ್ಷದ ಲೆಕ್ಕಪರಿಶೋಧನೆಯಲ್ಲಿ ತೋರಿಸಿದರೆ ಅದರಲ್ಲಿ ಮರೆಮಾಚುವುದೇನೂ ಇಲ್ಲ. ನಮ್ಮ ದೇಶದಲ್ಲಿ ಈ ಆಶ್ರಯ ಪದ್ಧತಿಗೆಂದು ಪ್ರತ್ಯೇಕ ಕಾನೂನಿಲ್ಲ. ಹಾಗಾಗಿ ಟ್ರಸ್ಟ್ ನಿಜವಾಗಿ ಉಸ್ತುವಾರಿ ಮಾಡುತ್ತದೆಯೇ ಎಂಬುದರ ಮೇಲೇ ಎಲ್ಲವೂ ನಿಂತಿದೆ.

ಹೀಗಾದಾಗ ಕಾನೂನಿನ ಕಣ್ಣಿಗೆ ಆ ಹಣ ಟ್ರಸ್ಟ್‌ನದು, ನಿಮ್ಮದಲ್ಲ. ಇದನ್ನು ನಿಮ್ಮ 22 ಮಂದಿಗೂ ಕೂರಿಸಿ ಹೇಳಿ. ‘ನಮ್ಮ ಹಣ ಅಲ್ಲಿ ಇಟ್ಟಿದ್ದೇವೆ’ ಎಂಬ ಭಾವನೆಯಲ್ಲಿ ಯಾರೂ ಇರಬಾರದು. ನಾನು ಆ ಭಾವನೆಯಲ್ಲಿದ್ದು ನೊಂದವನು. ಬಹಳ ವರ್ಷಗಳ ಹಿಂದೆ, ಹೋಬಳಿಯೊಂದರ ಮಕ್ಕಳ ಗ್ರಂಥಾಲಯಕ್ಕೆಂದು ನಮ್ಮ ಓದುಗರು ಕೊಟ್ಟ ಹಣವನ್ನು ಪರಿಚಯದ ಸಂಸ್ಥೆಯೊಂದರ ಖಾತೆಗೆ ಹಾಕಿಸಿದೆ. ಒಳ್ಳೆಯ ಜನ, ಬರೆಸಿಕೊಳ್ಳುವುದು ಅವಮಾನವೆಂದು ಸುಮ್ಮನಾದೆ. ಆ ವರ್ಷ ಅವರ ಕಟ್ಟಡದ ಕೆಲಸಕ್ಕೆ ಹಣ ಸಾಲದೆ ಬಂದಾಗ ನಮ್ಮದೂ ಅದರಲ್ಲಿ ಕರಗಿತು. ಯಾರೂ ಜೇಬಿಗೆ ಹಾಕಿಕೊಳ್ಳಲಿಲ್ಲ. ಕಂತು ಕಂತಾಗಿ ಅದು ವಾಪಸು ಬರುವ ಹೊತ್ತಿಗೆ 14 ತಿಂಗಳಾಗಿದ್ದವು, ಖಾಲಿ ಕಪಾಟುಗಳ ಮುಂದೆ ಮಕ್ಕಳ ಒಂದು ಇಡೀ ವರ್ಷ ಕಳೆದಿತ್ತು. ಆ ಕಪಾಟುಗಳನ್ನು ನಾನು ಇಂದಿಗೂ ಮರೆತಿಲ್ಲ.

ಆದ್ದರಿಂದ ಮೊದಲ ರೂಪಾಯಿಗೆ ಮೊದಲೇ ಕಾಗದ ಆಗಲಿ. ನಿಮ್ಮ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಆಗದಿದ್ದರೆ ಪ್ರತ್ಯೇಕ ಲೆಕ್ಕದ ಪುಟ. ಮೂರು ತಿಂಗಳಿಗೊಮ್ಮೆ ಜಮಾ ಖರ್ಚಿನ ಪ್ರತಿ. ಶಾಲೆಯ ಸಂಬಳಕ್ಕೋ ಕಟ್ಟಡಕ್ಕೋ ಇದನ್ನು ತಾತ್ಕಾಲಿಕವಾಗಿಯೂ ಬಳಸುವುದಿಲ್ಲವೆಂಬ ಸ್ಪಷ್ಟ ಮಾತು. ಬಿಲ್ಲು ಕೊಟ್ಟ ಎಷ್ಟು ದಿನದೊಳಗೆ ಪಾವತಿ ಎಂಬುದೂ ಇರಲಿ. ಜಾತ್ರೆ ಮುಗಿದ ಮೇಲೆ ಬಣ್ಣದ ಹಣ ಬಂದು ಏನು ಫಲ?

ಶಾಲೆಯ ಟ್ರಸ್ಟ್ ಎಂದಿದ್ದೀರಿ. ಅದರ ಟ್ರಸ್ಟ್ ಡೀಡನ್ನು, ಅಂದರೆ ಸ್ಥಾಪನಾ ಪತ್ರವನ್ನು, ಕೇಳಿ ಪಡೆದು, ಉದ್ದೇಶಗಳ ಭಾಗವನ್ನು ನೀವೇ ಓದಿ. ಟ್ರಸ್ಟ್ ತನ್ನ ಉದ್ದೇಶಗಳಿಗೆ ಮಾತ್ರ ಖರ್ಚು ಮಾಡಬಹುದು. ಅಲ್ಲಿ ಶಿಕ್ಷಣ ಎಂದಷ್ಟೇ ಇದ್ದರೆ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕುಣಿತ, ಮಾತುಗಾರಿಕೆ ಕಲಿಸುವುದನ್ನು ಅದರೊಳಗೆ ತರಬಹುದೇನೋ. ರಾತ್ರಿಯಿಡೀ ನಡೆಯುವ ಆಟದ ಅಟ್ಟಕ್ಕೂ ದೀಪಕ್ಕೂ ಕೊಟ್ಟದ್ದನ್ನು ಶಿಕ್ಷಣವೆಂದು ಒಪ್ಪಿಸುವುದು ಕಷ್ಟ. ಕಲೆ, ಸಂಸ್ಕೃತಿ ಎಂಬ ಮಾತು ಡೀಡಿನಲ್ಲೇ ಇರುವ ಸಂಸ್ಥೆ ಸಿಕ್ಕರೆ ಶೇ 2 ಹೆಚ್ಚು ಕೇಳಿದರೂ ಅದನ್ನೇ ಆರಿಸಿಕೊಳ್ಳಿ. ಇನ್ನೊಂದು ಎಚ್ಚರ: 80ಜಿ ಇರುವ ಸಂಸ್ಥೆ ತನ್ನ ವರ್ಷದ ಆದಾಯದಲ್ಲಿ ಶೇ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಖರ್ಚು ಮಾಡುವಂತಿಲ್ಲ. ನಿಮ್ಮ ಆಟ ಜಾತ್ರೆಯ ಜೊತೆಗೇ ನಡೆಯುತ್ತದೆ. ಪೂಜೆ, ಪ್ರಸಾದದ ಖರ್ಚು ಊರಿನ ಚಂದಾದಿಂದಲೇ ಸಾಗಲಿ, ಈ ಹಣಕ್ಕೆ ಬೆರೆಸಬೇಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಆ ಪೆಟ್ಟಿಗೆಯ ಬಗ್ಗೆ. ಟ್ರಸ್ಟ್‌ನ ಹಣದಿಂದ ಕೊಂಡ ಹೊಸ ಕಿರೀಟ ಟ್ರಸ್ಟ್‌ನ ಆಸ್ತಿ. ಅದು ಹಳೆಯ ಕಿರೀಟದ ಪಕ್ಕದಲ್ಲಿ ಒಂದೇ ಪೆಟ್ಟಿಗೆಯಲ್ಲಿ ಐದು ವರ್ಷ ಕೂತರೆ ಯಾವುದು ಯಾರದ್ದೆಂದು ಹೇಳುವವರು ಯಾರು? ಇಂದೇ ಹಳೆಯ ವೇಷಭೂಷಣಗಳ ಫೋಟೊ ತೆಗೆದು, ಒಂದೊಂದಕ್ಕೂ ಸಂಖ್ಯೆ ಹಾಕಿ, ‘ಇವು ಊರಿನವು, ಟ್ರಸ್ಟ್‌ಗೆ ಇವುಗಳ ಮೇಲೆ ಹಕ್ಕಿಲ್ಲ’ ಎಂಬ ಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸಿ. ಭಾಗವತರ ಮನೆಯ ಪ್ರಸಂಗದ ಹಸ್ತಪ್ರತಿಗಳೂ ಆ ಪಟ್ಟಿಯಲ್ಲಿರಲಿ. ಮೇಳದ ಹೆಸರು, ಚಿತ್ರೀಕರಿಸಿದ ವಿಡಿಯೊಗಳು ಯಾರ ಬಳಿ ಉಳಿಯುತ್ತವೆ ಎಂಬುದನ್ನೂ ಬರೆಯಿರಿ.

ಬೇರ್ಪಡುವ ದಾರಿಯನ್ನೂ ಈಗಲೇ ಬರೆಯಬೇಕು. ಮದುವೆಯ ದಿನ ಅಪಶಕುನ ನುಡಿದಂತೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆಶ್ರಯ ಕೊಟ್ಟವರೇ ಬಾಗಿಲು ಮುಚ್ಚುವುದುಂಟು. ಅಮೆರಿಕದ ಓಪನ್ ಕಲೆಕ್ಟಿವ್ ಫೌಂಡೇಶನ್ 600ಕ್ಕೂ ಹೆಚ್ಚು ಸಣ್ಣ ಗುಂಪುಗಳಿಗೆ ಇಂಥ ಆಶ್ರಯ ಕೊಟ್ಟಿತ್ತು. ವರ್ಷದ ಕೊನೆಗೆ ಮುಚ್ಚುತ್ತೇವೆ ಎಂದು ಅದು 2024ರ ಫೆಬ್ರವರಿಯಲ್ಲಿ ಪ್ರಕಟಿಸಿದಾಗ ಅಷ್ಟೂ ಗುಂಪುಗಳು ಕೆಲವೇ ತಿಂಗಳಲ್ಲಿ ಬೇರೆ ಮನೆ ಹುಡುಕಬೇಕಾಯಿತು. ನಮ್ಮಲ್ಲಿ ಟ್ರಸ್ಟ್‌ನ ಹಣವಾಗಲಿ ಆಸ್ತಿಯಾಗಲಿ ಹಾಗೆ ಸುಲಭವಾಗಿ ವ್ಯಕ್ತಿಗಳ ಕೈಗೆ ಬರುವುದಿಲ್ಲ, ಬರಲೂಬಾರದು. ಅದನ್ನು ಪಡೆಯಲು ಅಂಥದೇ ಉದ್ದೇಶದ ಇನ್ನೊಂದು ನೋಂದಾಯಿತ ಸಂಸ್ಥೆ ಬೇಕು.

ಆ ಸಂಸ್ಥೆ ನಿಮ್ಮದೇ ಆಗಿರಲಿ ಎಂಬುದು ನನ್ನ ಸಲಹೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಏಳು ಮಂದಿ ಸಾಕು. ನೀವು 22 ಇದ್ದೀರಿ. ಟ್ರಸ್ಟ್‌ನೊಡನೆ ಒಪ್ಪಂದಕ್ಕೆ ಸಹಿ ಹಾಕಲಿಕ್ಕೂ ಒಂದು ಸಂಘವಿದ್ದರೆ ಒಳ್ಳೆಯದು, ಇಲ್ಲವಾದರೆ ಮತ್ತೆ ನೀವೊಬ್ಬರೇ ಸಹಿ ಹಾಕಿ ಹೊರೆ ಹೊರುತ್ತೀರಿ. ಹೊಸ ಸಂಸ್ಥೆಗೂ ಆದಾಯ ತೆರಿಗೆ ಇಲಾಖೆ ಮೂರು ವರ್ಷದ ತಾತ್ಕಾಲಿಕ 80ಜಿ ಅನುಮೋದನೆ ಕೊಡುವ ಕ್ರಮ 2021ರಿಂದ ಬಂದಿದೆ. ‘ಹಾಗಾದರೆ ಆಶ್ರಯವೇಕೆ?’ ಎಂದು ಕೇಳುತ್ತೀರಿ. ಪ್ರತಿವರ್ಷ ಸರ್ವಸದಸ್ಯರ ಸಭೆ, ಪರಿಶೋಧಿತ ಲೆಕ್ಕ, ತೆರಿಗೆ ರಿಟರ್ನ್, ಮೇ 31ರೊಳಗೆ ದಾನಿಗಳ ಪಟ್ಟಿ ಇವೆಲ್ಲ ತಪ್ಪದೆ ಆಗಬೇಕು. ಆ ಪಟ್ಟಿ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಪಾತ್ರ ಕಲಿಯುತ್ತಿರುವ ರೈತರು, ಹುಡುಗರು ಈ ಅಭ್ಯಾಸಕ್ಕೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಯ ಹಣದಲ್ಲಿ ಸಾಂಪ್ರದಾಯಿಕ ಕಲೆಗಳಿಗೆ ಅವಕಾಶವಿದೆ, ಆದರೆ ಅದನ್ನು ಪಡೆದು ಕೆಲಸ ಮಾಡುವ ಸ್ವತಂತ್ರ ಸಂಸ್ಥೆಗೆ ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. ಈ ಮೂರು ವರ್ಷದ ಸೇತುವೆಗೆ ಆಶ್ರಯ ಬೇಕು, ಶಾಶ್ವತವಾಗಿ ಅಲ್ಲ.

ಶೇ 10 ಹೆಚ್ಚಾಯಿತೇ? 3 ಲಕ್ಷಕ್ಕೆ 30,000. ಅಮೆರಿಕದಲ್ಲೂ ಸಾಮಾನ್ಯವಾಗಿ ಶೇ 5ರಿಂದ 15ರವರೆಗೆ ಹಿಡಿಯುತ್ತಾರೆ. ಲೆಕ್ಕ ಬರೆದು, ಪರಿಶೋಧನೆ ಮಾಡಿಸಿ, ದಾನಿಗೆ ಪ್ರಮಾಣಪತ್ರ ಕೊಡುವುದಾದರೆ ನಾನು ತಕರಾರು ಮಾಡುವುದಿಲ್ಲ. ಆದರೆ ಬೆಂಗಳೂರಿನ ದಾನಿಯನ್ನು ಒಂದು ಮಾತು ಕೇಳಿ: ಅವರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆಯೇ? ಇದ್ದರೆ 80ಜಿ ರಸೀದಿಯಿಂದ ಅವರಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಹಳೆಯ ಪದ್ಧತಿಯಲ್ಲಿದ್ದರೂ ಇಂಥ ದಾನದಲ್ಲಿ ಅರ್ಧಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಅವರ ಆದಾಯಕ್ಕೆ ತಕ್ಕ ಮಿತಿಯುಂಟು. 2,000 ರೂಪಾಯಿ ಮೀರಿದ ನಗದಿಗೆ ಅದೂ ಇಲ್ಲ. ರಸೀದಿ ಬೇಡವೆಂದಾದರೆ ಅವರ ಹಣ ನಿಮ್ಮ ಸಂಘ ನೋಂದಣಿಯಾಗುವವರೆಗೆ ಕಾಯಬಹುದು.

ಅಮೆರಿಕದವರ ವಿಷಯ ಬೇರೆ. ಅವರು ಭಾರತದ ಪೌರರಾಗಿಯೇ ಉಳಿದಿದ್ದು ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ತೊಡಕಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಶಾಲಾ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇದ್ದ ಸಂಸ್ಥೆಯೂ 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಈ ಒಂದು ವಿಷಯದಲ್ಲಿ ಯಾರ ಧೈರ್ಯದ ಮಾತನ್ನೂ ಕೇಳಬೇಡಿ.

ಕೊನೆಗೆ, 74 ವರ್ಷದ ನಿಮ್ಮ ಭಾಗವತರಿಗೆ ಗೌರವಧನ ಕೊಡಬಹುದೇ ಎಂದು ಕೇಳಿದ್ದೀರಿ. ಕೊಡಲೇಬೇಕು. ಇಷ್ಟು ವರ್ಷ ಆಟದ ನೂರಾರು ಹಾಡುಗಳನ್ನು ನೆನಪಿನಲ್ಲಿ ಉಳಿಸಿಟ್ಟವರು ಅವರು. ಒಪ್ಪಂದದ ಖರ್ಚಿನ ಪಟ್ಟಿಯಲ್ಲಿ ಅವರ ತಿಂಗಳ ಮೊತ್ತವೇ ಮೊದಲ ಸಾಲಾಗಿರಲಿ. ಒಬ್ಬರಿಗೆ ದಿನವೊಂದಕ್ಕೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಟ್ರಸ್ಟ್‌ನ ಲೆಕ್ಕದಲ್ಲಿ ಅದು ಖರ್ಚಾಗಿ ನಿಲ್ಲುವುದಿಲ್ಲ, ಹಾಗಾಗಿ ಬ್ಯಾಂಕಿನ ಮೂಲಕವೇ ಕೊಡಿಸಿ. ಅವರಿಗೆ ಖಾತೆಯೇ ಇಲ್ಲವೆಂದು ಬರೆದಿದ್ದೀರಿ. ಈ ವಾರವೇ ಅವರ ಜೊತೆ ತುರುವೇಕೆರೆಗೆ ಹೋಗಿ ಒಂದು ಖಾತೆ ತೆರೆಸಿ, ನಾಮಿನಿಯ ಹೆಸರನ್ನೂ ಅಂದೇ ಬರೆಸಿ.

ಸಂಪಾದಕ