ಆ ಟ್ಯೂಬ್ ಎಸೆಯಬೇಡಿ, ವೈದ್ಯರ ಮೇಜಿನ ಮೇಲಿಡಿ

ನಾಲ್ಕು ಪುಟದ ಪತ್ರ. ನೀವು ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ, ಬೆಂಗಳೂರಿನಲ್ಲಿ ಕೆಲಸ. ಪಿ.ಜಿ. ಮಾಲೀಕರು ಆಧಾರ್ ನೋಡಿದ ಮೇಲೂ ಪಾಸ್‌ಪೋರ್ಟ್ ಕೇಳಿದರು. ಆಟೊದವರಿಗೆ ಕನ್ನಡದಲ್ಲಿ ಉತ್ತರಿಸಿದರೆ ‘ಎಷ್ಟು ಚೆನ್ನಾಗಿ ಕಲಿತಿದೀರಲ್ಲ’ ಎನ್ನುತ್ತಾರೆ. ಪ್ರತಿಸಲ ಎಲ್ಲ ವಿವರಿಸಬೇಕೇ, ಸುಮ್ಮನಿರಬೇಕೇ ಎಂದು ಕೇಳಿದ್ದೀರಿ.

ಅದಕ್ಕೆ ಆಮೇಲೆ ಬರುತ್ತೇನೆ. ಕೊನೆಯ ಪುಟದ ಅಂಚಿನಲ್ಲಿ ಒಂದು ಸಾಲಿದೆ: ‘ರೂಮ್‌ಮೇಟ್ ಹೇಳಿದ ಕ್ರೀಮನ್ನು ಏಳು ತಿಂಗಳಿಂದ ಹಚ್ಚುತ್ತಿದ್ದೇನೆ, ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಅಷ್ಟೇ.’ ನನಗೆ ಭಯವಾದದ್ದು ಆ ‘ಅಷ್ಟೇ’ ಓದಿ.

ಟ್ಯೂಬಿನ ಮೇಲಿದೆ ಎಂದು ನೀವು ಬರೆದ ಮೂರು ಹೆಸರುಗಳು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್. ಈ ಮೂರೂ ಸೇರಿದ ಕ್ರೀಮು ಬಂಗು ಎಂಬ ಮುಖದ ಕಂದು ಕಲೆಗೆ ವೈದ್ಯರು ಕೆಲವೇ ವಾರ ಕೊಡುವ ಔಷಧ. ಹುಟ್ಟಿನಿಂದ ಬಂದ ಬಣ್ಣಕ್ಕಲ್ಲ. ಮೊದಲು ಮುಖ ತಿಳಿಯಾದಂತೆ ಕಾಣುತ್ತದೆ, ಹಾಗಾಗಿಯೇ ಎಲ್ಲರೂ ಮೋಸ ಹೋಗುವುದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ. ಹೈಡ್ರೊಕ್ವಿನೋನ್ ಹೆಚ್ಚು ಕಾಲ ಬಿದ್ದರೆ, ಅದರಲ್ಲೂ ಕಪ್ಪು ಚರ್ಮದಲ್ಲಿ, ನೀಲಿಗಪ್ಪು ಕಲೆ ಕೂರುತ್ತದೆ. ಅದು ಸುಲಭಕ್ಕೆ ಹೋಗುವುದಿಲ್ಲ. ದಕ್ಷಿಣ ಆಫ್ರಿಕಾದ ಕಪ್ಪು ಹೆಣ್ಣುಮಕ್ಕಳ ಮುಖದ ಮೇಲೆ ವೈದ್ಯರು ಇದನ್ನು 1970ರ ದಶಕದಲ್ಲೇ ಕಂಡು ಬರೆದಿಟ್ಟಿದ್ದಾರೆ.

ನಿಮ್ಮ ರೂಮ್‌ಮೇಟ್ ಮೇಲೆ ನನಗೆ ಕೋಪವಿಲ್ಲ, ಆಕೆಗೂ ಗೊತ್ತಿರಲಿಲ್ಲ. ಕೋಪವೆಲ್ಲ ಚೀಟಿ ಕೇಳದೆ ಏಳು ಟ್ಯೂಬ್ ಮಾರಿದ ಮೆಡಿಕಲ್ ಶಾಪಿನವರ ಮೇಲೆ. 2018ರಿಂದ ಇಂಥ ಸ್ಟೀರಾಯ್ಡ್ ಕ್ರೀಮುಗಳು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅವರಿಗೆ ಅದು ಚೆನ್ನಾಗಿ ಗೊತ್ತು. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ: ಟ್ಯೂಬಿನ ಹಿಂಭಾಗದ ಸಣ್ಣಕ್ಷರ ಓದದೆ ಮುಖಕ್ಕೆ ಏನನ್ನೂ ಹಚ್ಚಬೇಡಿ.

ನೀವು ಮಾಡಬೇಕಾದದ್ದು ಒಂದೇ. ಈ ವಾರದೊಳಗೆ ಟ್ಯೂಬ್ ಸಮೇತ ಚರ್ಮರೋಗ ತಜ್ಞರ ಬಳಿ ಹೋಗಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ವಿಭಾಗವಿದೆ. ಎಷ್ಟು ತಿಂಗಳು, ದಿನಕ್ಕೆ ಎಷ್ಟು ಸಲ ಎಂಬುದನ್ನು ಮುಚ್ಚಿಡದೆ ಹೇಳಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಮುಖ ಕೆಂಡದಂತೆ ಉರಿದು, ಊದಿ, ಮೊದಲಿಗಿಂತ ಕಪ್ಪಾಗಬಹುದು. ಆಗ ಹೆದರಿ ಹೆಚ್ಚಿನವರು ಮತ್ತೆ ಅದೇ ಟ್ಯೂಬಿಗೆ ಕೈಹಾಕುತ್ತಾರೆ. ಹೇಗೆ ಬಿಡಿಸಬೇಕೆಂದು ವೈದ್ಯರು ಹೇಳಲಿ. ಅಲ್ಲಿಯವರೆಗೆ ಫೇಶಿಯಲ್, ಬ್ಲೀಚ್, ಸ್ಕ್ರಬ್ ಯಾವುದೂ ಬೇಡ.

ಇನ್ನು ನಿಮ್ಮ ಪ್ರಶ್ನೆ. ‘ಯಾವ ದೇಶ?’ ಎಂದವರಿಗೆ ‘ಯಲ್ಲಾಪುರ’ ಎನ್ನಿ, ಸಾಕು. ಪೋರ್ಚುಗೀಸರು ಗೋವೆಗೆ ಹಿಡಿದು ತಂದವರ ಕಥೆ, ತಲೆಮಾರುಗಳ ಕಾಡಿನ ಬದುಕು, 2003ರಲ್ಲಿ ಸಿಕ್ಕ ಪರಿಶಿಷ್ಟ ಪಂಗಡದ ಮಾನ್ಯತೆ, ಇದನ್ನೆಲ್ಲ ಆಟೊದಲ್ಲಿ ಕೂತು ಒಪ್ಪಿಸುವ ಸಾಲ ನಿಮ್ಮ ಮೇಲಿಲ್ಲ. ಪ್ರೀತಿಯಿಂದ ಕೇಳಿದವರಿಗೆ ಮಾತ್ರ ಹೇಳಿ. ಪಿ.ಜಿ. ಮಾಲೀಕರು ಮತ್ತೆ ಪಾಸ್‌ಪೋರ್ಟ್ ಎಂದರೆ, ‘ಪಾಸ್‌ಪೋರ್ಟ್ ಕೇಳಬೇಕಾದದ್ದು ವಿದೇಶಿಯರಿಗೆ, ನನಗೆ ಆಧಾರ್ ಸಾಕು’ ಎಂದು ಕನ್ನಡದಲ್ಲೇ ಹೇಳಿ.